ನಾಯಿ ತನ್ನ ಉಗುರು ತಾನೇ ಉಜ್ಜಿಕೊಳ್ಳಲು ಕಲಿಸುವ ಬಗೆ

ಟೈಲ್ಸ್ ನೆಲದ ಮೇಲೆ ನಾಯಿ ನಡೆದಾಗ ಟಕಟಕ ಸದ್ದು ಬಂದರೆ ಉಗುರು ಬೆಳೆದಿದೆ ಎಂದೇ ಲೆಕ್ಕ. ಮಣ್ಣು, ಕಲ್ಲು ತುಳಿದು ಓಡುವ ಹೊಲದ ನಾಯಿಗೆ ಉಗುರು ತಾನಾಗಿ ಸವೆಯುತ್ತದೆ. ಫ್ಲ್ಯಾಟ್‌ನಲ್ಲಿ ಬೆಳೆದದ್ದಕ್ಕೆ ಆ ಭಾಗ್ಯವಿಲ್ಲ. ಕಟರ್ ಕಂಡೊಡನೆ ಮಂಚದ ಕೆಳಗೆ ತೂರುವ ನಾಯಿಗೂ ಸ್ಯಾಂಡ್ ಪೇಪರ್ ಅಂಟಿಸಿದ ಹಲಗೆಯನ್ನು ಕೆರೆಯುವುದು ಕಲಿಸಬಹುದು. ಮುಂಗಾಲಿನ ಉಗುರುಗಳ ಮಟ್ಟಿಗೆ ಇದು ಚೆನ್ನಾಗಿ ನಡೆಯುತ್ತದೆ. ಹಿಂಗಾಲಿನದು ಬೇರೆ ಮಾತು.

ಹಲಗೆಗೆ 12 ಮಿ.ಮೀ. ಪ್ಲೈವುಡ್, 1 ಅಡಿ ಅಗಲ, 2 ಅಡಿ ಉದ್ದ ಸಾಕು. ಇದಕ್ಕಿಂತ ತೆಳುವಾದದ್ದು ಕೆರೆದಾಗ ಬಾಗಿ ಅಲುಗುತ್ತದೆ, ಅಲುಗುವ ಹಲಗೆಗೆ ನಾಯಿ ಹೆದರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 80 ನಂಬರಿನ ಸ್ಯಾಂಡ್ ಪೇಪರ್ ಕೇಳಿ; ಸಣ್ಣ ತಳಿಗೂ ಮರಿಗೂ 120. ಬಟ್ಟೆಯ ಬೆನ್ನಿರುವುದು ಸಿಕ್ಕರೆ ಅದನ್ನೇ ತನ್ನಿ, ಬರಿ ಕಾಗದದ್ದು ಬೇಗ ಹರಿಯುತ್ತದೆ. 9×11 ಇಂಚಿನ ಹಾಳೆಯಾದರೆ ಎರಡನ್ನು ಮೇಲೊಂದು ಕೆಳಗೊಂದು ಇಟ್ಟು ಫೆವಿಕಾಲ್ ಸವರಿ ಅಂಟಿಸಿ, ಭಾರ ಹೇರಿ ಒಂದು ರಾತ್ರಿ ಬಿಡಿ. ಸೇರುವ ಜಾಗದಲ್ಲಿ ಮೇಲಿನ ಹಾಳೆಯ ಅಂಚು ಕೆಳಗಿನದರ ಮೇಲೆ ಬರಬೇಕು, ಹೆಂಚು ಹೊದಿಸಿದ ಹಾಗೆ. ನಾಯಿ ಮೇಲಿಂದ ಕೆಳಕ್ಕೆ ಎಳೆಯುವುದರಿಂದ ಆಗ ಉಗುರು ಅಂಚಿಗೆ ಸಿಕ್ಕುವುದಿಲ್ಲ. ಮೊಳೆ, ಪಿನ್ನು ಬೇಡವೇ ಬೇಡ.

ಆದರೆ ಪಾಠ ಶುರು ಮಾಡುವುದು ಹಲಗೆಯ ಇನ್ನೊಂದು ಮುಖದಲ್ಲಿ. ಅಲ್ಲಿಗೆ ಹಳೇ ಯೋಗ ಮ್ಯಾಟಿನ ತುಂಡು ಅಂಟಿಸಿ. ಮೊದಮೊದಲು ತಿಂಡಿಯ ಉತ್ಸಾಹದಲ್ಲಿ ನಾಯಿ ಲೆಕ್ಕವಿಲ್ಲದಷ್ಟು ಸಲ ಕೆರೆಯುತ್ತದೆ. ಸ್ಯಾಂಡ್ ಪೇಪರ್ ಮೇಲೆ ಹಾಗಾದರೆ ಉಗುರು ಒಂದೇ ದಿನದಲ್ಲಿ ಅತಿಯಾಗಿ ಸವೆದು ನೋಯುತ್ತದೆ. ಒಮ್ಮೆ ನೋವಾಯಿತೆಂದರೆ ಹಲಗೆಯೂ ಕಟರ್‌ನಂತೆಯೇ ಶತ್ರು. ಗೋಣಿತಾಟು ಹಾಕಬೇಡಿ, ಅದರ ಎಳೆಗೆ ಉಗುರು ಸಿಕ್ಕಿಕೊಳ್ಳುತ್ತದೆ.

ಶೇಕ್‌ಹ್ಯಾಂಡ್ ಕೊಡುವ ನಾಯಿಯಾದರೆ ಅರ್ಧ ಕೆಲಸ ಮುಗಿದಂತೆ: ಕೈಯ ಬದಲು ಹಲಗೆ ಒಡ್ಡಿ. ಬಾರದಿದ್ದರೆ ಬೇಯಿಸಿದ ಕೋಳಿಯ ಅಥವಾ ಪನೀರಿನ ಬಟಾಣಿ ಗಾತ್ರದ ಚೂರನ್ನು ಹಲಗೆಯ ಮೇಲಿಟ್ಟು ಅಂಗೈಯಿಂದ ಮುಚ್ಚಿ. ನಾಯಿ ಮೂಸುತ್ತದೆ, ನೆಕ್ಕುತ್ತದೆ, ಸುಮ್ಮನಿರಿ. ಬೇಸತ್ತು ಕಾಲು ಎತ್ತಿ ಇಟ್ಟ ಕ್ಷಣಕ್ಕೆ "ಶಭಾಷ್" ಎಂದು ಇನ್ನೊಂದು ಕೈಯಿಂದ ತಿಂಡಿ ಕೊಡಿ. ಮಾತು ಮೊದಲು, ತಿಂಡಿ ಆಮೇಲೆ. ಯಾವ ಚಲನೆಗೆ ಬಹುಮಾನ ಬಂತೆಂದು ನಾಯಿಗೆ ತಿಳಿಸುವುದು ಆ ಮಾತೇ, ಆದ್ದರಿಂದ ಅದು ಅರೆಕ್ಷಣ ತಡವಾದರೂ ಪಾಠ ಕೆಡುತ್ತದೆ.

ಬರೇ ಮುಟ್ಟುವುದು ಸರಾಗವಾದ ಮೇಲೆ ಮುಟ್ಟಿದ್ದಕ್ಕೆ ತಿಂಡಿ ನಿಲ್ಲಿಸಿ, ಎಳೆದದ್ದಕ್ಕೆ ಮಾತ್ರ ಕೊಡಿ. ಹಲಗೆಯನ್ನು 45 ಡಿಗ್ರಿಯಷ್ಟು ಓರೆಯಾಗಿ ಹಿಡಿದರೆ ಇಟ್ಟ ಕಾಲು ತಾನಾಗಿ ಕೆಳಕ್ಕೆ ಜಾರುತ್ತದೆ. ಆ ಜಾರುವಿಕೆಗೇ ಮೊದಲ ಶಭಾಷ್. ಮೂರು ನಿಮಿಷದ ಪಾಠ, ದಿನಕ್ಕೆರಡು ಸಲ ಸಾಕು. ಹಲಗೆ ತಂದೊಡನೆ ತಾನೇ ಕೆರೆಯತೊಡಗಿದಾಗ "ಕೆರಿ" ಎಂಬ ಪದ ಸೇರಿಸಿ, ಎರಡು ದಿನ ಬಿಟ್ಟು ಹಲಗೆ ತಿರುಗಿಸಿ ಸ್ಯಾಂಡ್ ಪೇಪರಿನ ಮುಖ ತೋರಿಸಿ. ಕರಕರ ಸದ್ದಿಗೆ ಹಿಂಜರಿದರೆ ಒಂದೇ ಎಳೆತಕ್ಕೆ ಮೂರು ಚೂರು ಕೊಡಿ.

ಮೊದಲ ದಿನ ಕಾಲಿಗೆ ಐದೇ ಎಳೆತ, ಅಷ್ಟಕ್ಕೇ ಹಲಗೆ ಎತ್ತಿಡಿ. ಕಾಲು ಹಿಡಿದು ಉಗುರಿನ ತುದಿ ನೋಡಿ. ಒಣಗಿದ ಬಿಳಿ ಪುಡಿ ಕಂಡರೆ ಇನ್ನೂ ಜಾಗವಿದೆ. ನಟ್ಟನಡುವೆ ಬೇರೆ ಬಣ್ಣದ ಮೆತ್ತನೆಯ ಚುಕ್ಕೆ ಮೂಡಿದರೆ ನಿಲ್ಲಿಸಿ, ಅದರ ಹಿಂದೆಯೇ ನರವೂ ರಕ್ತನಾಳವೂ ಇವೆ. ಕಪ್ಪು ಉಗುರಿಗೂ ಗುರುತು ಇದೇ. ತಪ್ಪಿ ರಕ್ತ ಬಂದರೆ ಮೆಕ್ಕೆಜೋಳದ ಹಿಟ್ಟು (ಕಾರ್ನ್‌ಫ್ಲೋರ್) ಒತ್ತಿ ಹಿಡಿಯಿರಿ; ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಿ. ವಾರಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪವೇ ಸವೆಸುತ್ತ ಬಂದರೆ ಉದ್ದ ಬೆಳೆದಿದ್ದ ರಕ್ತನಾಳವೂ ನಿಧಾನವಾಗಿ ಹಿಂದೆ ಸರಿಯುತ್ತದೆ.

ಹೆಚ್ಚು ತಲೆ ತಿನ್ನುವುದು ಬದಿಯ ಉಗುರುಗಳು. ಚಪ್ಪಟೆ ಹಲಗೆಯಲ್ಲಿ ನಡುವಿನ ಎರಡು ಬೇಗ ಸವೆಯುತ್ತವೆ, ಅಕ್ಕಪಕ್ಕದವು ಹಾಗೇ ಉಳಿಯುತ್ತವೆ. ಹಲಗೆಯನ್ನು ಎಡಕ್ಕೋ ಬಲಕ್ಕೋ ವಾಲಿಸಿ ಹಿಡಿದರೆ ಆ ಬದಿಯ ಉಗುರು ತಾಗುತ್ತದೆ. ಇನ್ನೂ ಸಲೀಸಾದ ದಾರಿ: 6 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿಸಿ ಒಳಮೈಗೆ ಸ್ಯಾಂಡ್ ಪೇಪರ್ ಅಂಟಿಸುವುದು. ದೊಡ್ಡ ನಾಯಿಗೆ ಇದು ಇಕ್ಕಟ್ಟು, 8 ಇಂಚಿನದೇ ಬೇಕು.

ಒಂದೇ ಕಾಲಿನಲ್ಲಿ ಕೆರೆಯುವ ನಾಯಿ ಬಹಳ. ಹಲಗೆಯನ್ನು ಇನ್ನೊಂದು ಕಾಲಿನ ಎದುರಿಗೆ ಸರಿಸಿ, ಆ ಕಾಲಿಗೆ ಮಾತ್ರ ತಿಂಡಿ ಕೊಡಿ. ಅಂಗಾಲು ಕೆಂಪಾಗಿದ್ದರೆ ಹಲಗೆ ತೀರಾ ಮಲಗಿದೆ ಎಂದರ್ಥ. ಇನ್ನಷ್ಟು ನೆಟ್ಟಗೆ ಹಿಡಿಯಿರಿ. ಸ್ನಾನವಾದ ಕೂಡಲೇ ಬೇಡ, ನೆಂದ ಉಗುರು ಸರಿಯಾಗಿ ಸವೆಯುವುದಿಲ್ಲ. ಪಾಠ ಮುಗಿದ ಮೇಲೆ ಹಲಗೆ ಕಣ್ಣಿಗೆ ಬೀಳದಂತೆ ಎತ್ತಿಡಿ. ಹಲಗೆ ಇಲ್ಲದಾಗ ಕೆರೆದದ್ದಕ್ಕೆ ಎಂದೂ ತಿಂಡಿ ಕೊಡಬೇಡಿ, ಕೊಟ್ಟರೆ ಮುಂದಿನ ಸರದಿ ನಿಮ್ಮ ಬಾಗಿಲಿನದು.

ಮೂತ್ರ ಮಾಡಿ ಹಿಂಗಾಲಿನಿಂದ ಮಣ್ಣು ಚಿಮ್ಮಿಸುವ ನಾಯಿಗೆ ಆ ಹೊತ್ತಿಗೆ ಸರಿಯಾಗಿ ಹಲಗೆ ಅಡಿಗಿಟ್ಟು ಕಲಿಸುವುದುಂಟು. ಉಳಿದವಕ್ಕೆ ಹಿಂಗಾಲಿನ ಉಗುರು ಕೈಯಿಂದಲೇ ತೆಗೆಯುವುದು ಲೇಸು. ಕೀಲುನೋವಿನ ಮುದಿ ನಾಯಿಗೆ ಈ ಅಭ್ಯಾಸವೇ ಬೇಡ. ಇನ್ನು ಮುಂಗಾಲಿನ ಒಳಬದಿಯಲ್ಲಿ, ಸ್ವಲ್ಪ ಮೇಲೆ, ಹೆಬ್ಬೆರಳಿನಂತೆ ಒಂದು ಉಗುರಿರುತ್ತದೆ. ಅದು ಯಾವ ಹಲಗೆಗೂ ತಾಗುವುದಿಲ್ಲ. ಬಿಟ್ಟರೆ ಸುರುಳಿ ಸುತ್ತಿ ಚರ್ಮಕ್ಕೇ ಚುಚ್ಚುತ್ತದೆ. ಅದೊಂದಕ್ಕೆ ಕಟರ್ ಹಿಡಿಯಲೇಬೇಕು.