ಚೆಂಬೂರಿನ ಟೆರೇಸಿನಿಂದ ಗುರುಗ್ರಹದ ಫೋಟೋ

ಮುಂಬೈಯಲ್ಲಿದ್ದುಕೊಂಡು ಆಕಾಶದ ಫೋಟೋ ತೆಗೀತೀನಿ ಅಂದರೆ ಊರಿನ ನೆಂಟರು ನಗುತ್ತಾರೆ. ಅವರದೂ ತಪ್ಪಲ್ಲ. ಇಲ್ಲಿ ರಾತ್ರಿ ಕತ್ತೆತ್ತಿದರೆ ಬೆರಳೆಣಿಕೆಯಷ್ಟು ನಕ್ಷತ್ರ ಕಂಡರೆ ಹೆಚ್ಚು. ಆದರೆ ಗುರು, ಶನಿ, ಚಂದ್ರರಿಗೆ ಊರಿನ ದೀಪಗಳ ಲೆಕ್ಕವೇ ಇಲ್ಲ, ಅವು ಅಷ್ಟು ಪ್ರಕಾಶ. ಇಲ್ಲಿ ಕಾಟ ಕೊಡೋದು ಬೆಳಕಲ್ಲ, ಗಾಳಿ.

ಹಗಲೆಲ್ಲ ಕಾದ ಟೆರೇಸು ಸಂಜೆ ಆ ಬಿಸಿಯನ್ನು ಮೇಲಕ್ಕೆ ಬಿಡುತ್ತದೆ. ಆ ಹೊತ್ತಲ್ಲಿ ನೋಡಿದರೆ ಗುರು ಹರಿಯೋ ನೀರಿನ ತಳದಲ್ಲಿ ಬಿದ್ದ ನಾಣ್ಯದ ಹಾಗೆ ಅಲುಗಾಡುತ್ತಾನೆ. ಹಾಗಾಗಿ ನಾನು ಕೆಲಸ ಶುರು ಮಾಡೋದೇ ರಾತ್ರಿ ಹನ್ನೊಂದರ ಮೇಲೆ. ಟೆಲಿಸ್ಕೋಪನ್ನು ಮಾತ್ರ ಒಂದು ಗಂಟೆ ಮೊದಲೇ ಹೊರಗಿಡುತ್ತೇನೆ, ಒಳಗಿನ ಕನ್ನಡಿ ಹೊರಗಿನ ಗಾಳಿಯಷ್ಟೇ ತಣ್ಣಗಾಗಬೇಕು. ಪಕ್ಕದ ಕಟ್ಟಡದ ಎಸಿಗಳು ಬಿಸಿ ಗಾಳಿ ಉಗುಳುವ ದಿಕ್ಕಿಗೆ ಅದನ್ನು ತಿರುಗಿಸೋದೇ ಇಲ್ಲ.

ನನ್ನದು 8 ಇಂಚಿನ ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ಕೂರಿಸಿದ ಕನ್ನಡಿ ಟೆಲಿಸ್ಕೋಪ್. ಮೋಟಾರಿಲ್ಲ, ಕೈಯಲ್ಲೇ ತಳ್ಳಬೇಕು. ಚಿತ್ರವನ್ನು ಎರಡು ಪಟ್ಟು ದೊಡ್ಡದು ಮಾಡುವ 2x ಬಾರ್ಲೋ ಲೆನ್ಸ್, ಅದರ ಹಿಂದೆ ಗ್ರಹಗಳ ಫೋಟೋಗೆಂದೇ ಇರುವ ಪುಟ್ಟ ಕ್ಯಾಮೆರಾ, ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡೋಕೆ ಫೈರ್‌ಕ್ಯಾಪ್ಚರ್ ಅನ್ನೋ ಸಾಫ್ಟ್‌ವೇರ್. ಭೂಮಿ ತಿರುಗುತ್ತಲೇ ಇರುತ್ತದಲ್ಲ, ಗುರು ಅರ್ಧ ನಿಮಿಷದಲ್ಲಿ ಚೌಕಟ್ಟಿನ ಈ ಅಂಚಿನಿಂದ ಆ ಅಂಚಿಗೆ ಹೋಗಿಬಿಡುತ್ತಾನೆ. ಮತ್ತೆ ಹಿಂದಕ್ಕೆ ತಳ್ಳು, ಮತ್ತೆ ರೆಕಾರ್ಡ್ ಮಾಡು. ತೆಗೆಯೋದು ಫೋಟೋ ಅಲ್ಲ, ವಿಡಿಯೋ. ಒಂದೊಂದು ಫ್ರೇಮಿಗೆ ಸುಮಾರು 10 ಮಿಲಿಸೆಕೆಂಡು. ಸಾವಿರಾರು ಫ್ರೇಮುಗಳಲ್ಲಿ ಗಾಳಿ ಒಂದು ಕ್ಷಣ ಸುಮ್ಮನಿದ್ದಾಗ ಸಿಕ್ಕವು ಕೆಲವಿರುತ್ತವೆ. ಆಟೋಸ್ಟ್ಯಾಕರ್ಟ್ ಅನ್ನೋ ಸಾಫ್ಟ್‌ವೇರ್ ಅವನ್ನು ಆರಿಸಿ ಒಂದರ ಮೇಲೊಂದು ಜೋಡಿಸುತ್ತದೆ. ನಾನು ನೂರಕ್ಕೆ ಹದಿನೈದನ್ನಷ್ಟೇ ಇಟ್ಟುಕೊಳ್ಳುತ್ತೇನೆ. ಆಮೇಲೆ ರೆಜಿಸ್ಟ್ಯಾಕ್ಸ್ ಅನ್ನೋ ಇನ್ನೊಂದು ಸಾಫ್ಟ್‌ವೇರಿನಲ್ಲಿ ಸ್ವಲ್ಪ ಚೂಪು ಮಾಡಿದರೆ ಪಟ್ಟೆಗಳು ಎದ್ದು ಬರುತ್ತವೆ. ಜಾಸ್ತಿ ಎಳೆದರೆ ಗುರುವಿನ ಅಂಚಿಗೆ ಸುಳ್ಳು ಗೆರೆ ಮೂಡುತ್ತದೆ. ಎಷ್ಟೋ ಫೋಟೋಗಳು ಕೆಡೋದು ಈ ಆಸೆಗೇ.

ಗುರುವಿನ ವಿಡಿಯೋ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಸೇರಿಸಬಾರದು. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗಿಬಿಡುತ್ತಾನೆ, ವಿವರ ಕಲಸಿಹೋಗುತ್ತದೆ. ಫೋಕಸ್‌ಗೆ ಗುರುವನ್ನು ನಂಬಬೇಡಿ, ಅವನ ಚಂದ್ರರನ್ನು ನೋಡಿ. ಅಯೋ, ಗ್ಯಾನಿಮೀಡ್ ಎಷ್ಟು ಸಣ್ಣಗೆ ಕಾಣುತ್ತವೋ ಅಷ್ಟು ಸರಿ. ಅಯೋದ ನೆರಳು ಕಪ್ಪು ಚುಕ್ಕಿಯಾಗಿ ಗುರುವಿನ ಮೇಲೆ ಸರಿಯೋದು ಸಿಕ್ಕಿದರಂತೂ ಆ ರಾತ್ರಿ ನಿದ್ದೆಯ ಆಸೆ ಬಿಡಿ.

ಪಕ್ಕದ ಮನೆಯ ಅಜ್ಜಿ ಉಡುಪಿ ಕಡೆಯವರು. ಒಮ್ಮೆ ಕಣ್ಣಿಟ್ಟು ನೋಡಿ, "ಗುರು ಇಷ್ಟೇ ಸಣ್ಣವನಾ ಮಾರಾಯಾ? ಇವನ ಬಲ ನೋಡಿಯಾ ನಾವು ಮದುವೆ ಮಾಡಿದ್ದು?" ಅಂದರು.

2024ರ ಡಿಸೆಂಬರಿನಲ್ಲಿ ಗುರು ವೃಷಭ ರಾಶಿಯಲ್ಲಿದ್ದ. 19 ಡಿಗ್ರಿ ಅಕ್ಷಾಂಶದ ಮುಂಬೈಗೆ ಅವನು ಹೆಚ್ಚುಕಡಿಮೆ ನೆತ್ತಿಯ ಮೇಲೇ ಬರುತ್ತಿದ್ದ. ಯುರೋಪಿನವರಿಗೆ ಈ ಭಾಗ್ಯ ಇಲ್ಲ. ನೇರ ಮೇಲೆ ನೋಡಿದಷ್ಟೂ ಅಡ್ಡ ಬರುವ ಗಾಳಿ ಕಡಿಮೆ. ನೆತ್ತಿಯ ಹತ್ತಿರ ಡಾಬ್ಸೋನಿಯನ್ ತಳ್ಳೋದು ಮಾತ್ರ ಸೊಂಟಕ್ಕೆ ಶಿಕ್ಷೆ.

ಧೂಮಕೇತುವಿನ ಲೆಕ್ಕವೇ ಬೇರೆ. ಅದರ ಬಾಲ ತೀರಾ ಮಂದ, ಅದಕ್ಕೆ ಕತ್ತಲೆ ಬೇಕೇ ಬೇಕು. 2024ರ ಅಕ್ಟೋಬರಿನಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಪಶ್ಚಿಮದಲ್ಲಿ ಶುಕ್ರ ಮತ್ತು ಸ್ವಾತಿ ನಕ್ಷತ್ರದ ನಡುವೆ ಕಾಣಿಸಿಕೊಂಡಾಗ ಮುಂಬೈಯ ಮಬ್ಬಿನಲ್ಲಿ ಸುಮ್ನೆ ಒಂದು ಮಸುಕು. 17ಕ್ಕೆ ಹುಣ್ಣಿಮೆ ಬೇರೆ. ಹುಣ್ಣಿಮೆ ಕಳೆದು, ಚಂದ್ರ ತಡವಾಗಿ ಹುಟ್ಟುವ ದಿನಗಳ ತನಕ ಕಾದು, ಕುರ್ಲಾದಲ್ಲಿ ಕರ್ಜತ್ ಲೋಕಲ್ ಹಿಡಿದು ಮುಂಬೈಯ ದೀಪಗಳಿಂದ ದೂರದ ವಾಂಗಣಿಗೆ ಹೋದೆ. ಅಷ್ಟರಲ್ಲಿ ಅದು ಮಂಕಾಗಿದ್ದರೂ ಆಕಾಶದಲ್ಲಿ ಚೆನ್ನಾಗಿ ಮೇಲೇರಿತ್ತು. ಟೆಲಿಸ್ಕೋಪ್ ಬೇಕಾಗಲಿಲ್ಲ. ಟ್ರೈಪಾಡ್, 50 ಎಂಎಂ ಲೆನ್ಸ್, 6 ಸೆಕೆಂಡಿನ ಹಲವು ಫೋಟೋ, ಅಷ್ಟೇ. ಬಾಲ ಕ್ಯಾಮೆರಾಕ್ಕೆ ಕಂಡಷ್ಟು ಕಣ್ಣಿಗೆ ಕಾಣಲಿಲ್ಲ.

ಮಳೆಗಾಲದಲ್ಲಿ ನಾಲ್ಕು ತಿಂಗಳು ಎಲ್ಲಕ್ಕೂ ರಜೆ. ಲೆನ್ಸಿಗೆ ಫಂಗಸ್ ಹಿಡಿಯದ ಹಾಗೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡುತ್ತೇನೆ. ಮಳೆ ಬಿಟ್ಟ ಮೇಲೆ ಮೊದಲ ಸರದಿ ಶನಿಯದು. 2025ರ ಮಾರ್ಚಿನಲ್ಲಿ ಅವನ ಉಂಗುರ ನಮಗೆ ಅಂಚು ತೋರಿಸಿತ್ತು. ಈಗ ವರ್ಷದಿಂದ ವರ್ಷಕ್ಕೆ ಅಗಲವಾಗಿ ಕಾಣುತ್ತಾ ಹೋಗುತ್ತದೆ.