ನಾಯಿ ಹಗ್ಗ ಬಿಡ್ತಿಲ್ವಾ? ಎಳೀಬೇಡಿ
ತೋಟದ ಮನೆಯಲ್ಲಿ ರಾಟ್‌ವೀಲರ್, ಜರ್ಮನ್ ಶೆಫರ್ಡ್ ಥರದ ಗಟ್ಟಿ ನಾಯಿ ಸಾಕಿರೋರಿಗೆ: ಎಳೆದಾಟದಲ್ಲಿ ಹಗ್ಗ ಬಿಡಿಸಬೇಕಾದ್ರೆ 'ಬಿಡು' ಅಂತ ಒಂದೇ ಸಲ ಹೇಳಿ, ಹಗ್ಗ ತೊಡೆಗೆ ಒತ್ತಿ ಹಿಡಿದು ಅಲ್ಲಾಡದೆ ನಿಂತುಬಿಡಿ. ಬಾಯಿ ಸಡಿಲಿಸಿದ ಕೂಡಲೇ ಮತ್ತೆ ಆಟ ಶುರು ಮಾಡಿ. ನಾವು ಎಳೆದಷ್ಟೂ ಅದರ ಹಿಡಿತ ಬಿಗಿಯಾಗುತ್ತೆ, ಅದಕ್ಕೆ ಅದೇ ಮಜಾ. ಅಲ್ಲಾಡದ ಹಗ್ಗದಲ್ಲಿ ಏನೂ ಸಿಗಲ್ಲ, ಬಿಟ್ಟರೆ ಮಾತ್ರ ಆಟ ಮುಂದುವರಿಯುತ್ತೆ ಅಂತ ಅದು ಕಲಿಯುತ್ತೆ. ಆಡಿಸುವಾಗ ಹಗ್ಗ ಅದರ ಬೆನ್ನಿನ ಮಟ್ಟದಲ್ಲೇ ಇರಲಿ, ಎಡಕ್ಕೂ ಬಲಕ್ಕೂ ನಿಧಾನ ಓಡಾಡಲಿ. ಮೇಲಕ್ಕೆ ಜಗ್ಗಿದರೆ ಕುತ್ತಿಗೆಗೆ ಪೆಟ್ಟು. ತೆಂಗಿನ ನಾರಿನ ಹಗ್ಗ ಬೇಡ, ವಸಡು ಕೊಯ್ಯುತ್ತೆ. ಹಳೇ ಕಾಫಿ ಗೋಣಿಚೀಲ ಸುತ್ತಿ ಬಿಗಿಯಾಗಿ ಹೊಲಿದರೆ ಸಾಕು, ನೂಲು ಬಿಚ್ಚಿದರೆ ಎಸೀರಿ, ಹೊಟ್ಟೆಗೆ ಹೋದರೆ ಕರುಳಿಗೆ ಸಿಕ್ಕಿಕೊಳ್ಳುತ್ತೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಣದ ಮೇಲೂ, ರೆಡ್ ಆಕ್ಸೈಡ್ ನೆಲದ ಮೇಲೂ ಬೇಡ, ಕಾಲು ಜಾರುತ್ತೆ. ಹಲ್ಲು ಬದಲಾಗೋ ನಾಲ್ಕರಿಂದ ಆರು ತಿಂಗಳ ಮರಿಗೆ ಜೋರಾಗಿ ಎಳೆದಾಡಿಸಬಾರದು. ಗುರ್ರ್ ಅಂದ ಮಾತ್ರಕ್ಕೆ ಹೆದರಬೇಕಿಲ್ಲ, ಎಷ್ಟೋ ನಾಯಿಗಳು ಆಟದಲ್ಲಿ ಹಾಗೇ. ಆದರೆ ಮೈ ಸೆಟೆದು, ಕಣ್ಣು ನೆಟ್ಟು, ವಸ್ತುವಿಗೆ ಕಾವಲು ಕೂತರೆ ಈ ಉಪಾಯ ನಡೆಯಲ್ಲ. ಕೈ ಹಾಕದೆ, ದೂರಕ್ಕೆ ತಿಂಡಿ ಎಸೆದು ಕರೆಯಿರಿ, ಎಳೆದಾಟ ನಿಲ್ಲಿಸಿ ತರಬೇತುದಾರರಿಗೆ ತೋರಿಸಿ.