ಹನ್ನೆರಡನೇ ಫ್ರೆಟ್‌ನ ಬಿಲ್ಲೆ

ನನ್ನ ಗ್ಯಾರೇಜಿನ ಕಪಾಟಿನಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದಿದೆ. ಮೂವತ್ತು ವರ್ಷಗಳ ಗಿಟಾರ್ ರಿಪೇರಿಯಲ್ಲಿ ಗಿಟಾರುಗಳ ಕತ್ತಿನಿಂದ ನಾನು ಕಿತ್ತು ತೆಗೆದ ಗುರುತಿನ ಬಿಲ್ಲೆಗಳೆಲ್ಲ ಅದರಲ್ಲಿವೆ. ಒಡೆದವು, ಕುಗ್ಗಿದವು, ಹಳದಿಗಟ್ಟಿದವು, ಮಾಲೀಕನಿಗೆ ಯಾಕೋ ಹಿಡಿಸದೆ ಹೋದವು. ಎಸೆಯಲು ಮನಸ್ಸು ಬರದೆ ಇಟ್ಟುಕೊಂಡವೇ ಹೊರತು ಅವುಗಳಿಂದ ಯಾವ ಉಪಯೋಗವೂ ಇರಲಿಲ್ಲ. 2025ರ ಜೂನ್ ಮೊದಲ ವಾರ ಗಿಟಾರ್ ತಯಾರಿಸುವ ಗಿಬ್ಸನ್ ಕಂಪನಿಯ ಪ್ರಕಟಣೆ ಓದಿದ ರಾತ್ರಿ ಆ ಡಬ್ಬಿ ನೆನಪಾಗಿ ನಿದ್ದೆ ಹಾರಿಹೋಯಿತು.

ಪ್ರಕಟಣೆಯ ಸಾರ ಇಷ್ಟೇ. 1985ರ ‘ಬ್ಯಾಕ್ ಟು ದ ಫ್ಯೂಚರ್’ ಚಿತ್ರದಲ್ಲಿ ಮೈಕೆಲ್ ಜೆ. ಫಾಕ್ಸ್ ಹಿಡಿದಿದ್ದ ಚೆರ್ರಿ ಕೆಂಪು ಬಣ್ಣದ ಇಎಸ್-345 ಗಿಟಾರ್ ಎಲ್ಲಿದೆಯೋ ಗೊತ್ತಿಲ್ಲ, ಕಂಡವರು ತಿಳಿಸಿ. ಸುಳಿವು ಕೊಡಲೆಂದೇ ಒಂದು ಫೋನ್ ಸಂಖ್ಯೆ, ಹುಡುಕಾಟದ ಬಗ್ಗೆಯೇ ‘ಲಾಸ್ಟ್ ಟು ದ ಫ್ಯೂಚರ್’ ಎಂಬ ಸಾಕ್ಷ್ಯಚಿತ್ರ. ಚಿತ್ರ ನೋಡಿದವರಿಗೆ ಆ ದೃಶ್ಯ ಮರೆಯುವುದಿಲ್ಲ. ಮೂವತ್ತು ವರ್ಷ ಹಿಂದಕ್ಕೆ, 1955ಕ್ಕೆ ಹೋಗಿ ಸಿಕ್ಕಿಬಿದ್ದ ಹುಡುಗ ತನ್ನ ಅಪ್ಪ ಅಮ್ಮ ಓದುತ್ತಿರುವ ಶಾಲೆಯ ನೃತ್ಯಕೂಟದಲ್ಲಿ ‘ಜಾನಿ ಬಿ. ಗುಡ್’ ನುಡಿಸುತ್ತಾನೆ. ಮೊದಲು ಮೆಲ್ಲಗೆ, ಆಮೇಲೆ ಮೈಮೇಲೆ ಬಂದವನಂತೆ. ನಿಜಕ್ಕೂ ಇಎಸ್-345 ಮಾದರಿ 1955ರಲ್ಲಿ ಇರಲೇ ಇಲ್ಲ, ಮಾರುಕಟ್ಟೆಗೆ ಬಂದದ್ದು ಅದಾಗಿ ಮೂರ್ನಾಲ್ಕು ವರ್ಷದ ಮೇಲೆ. ಗಿಟಾರ್ ಪಂಡಿತರು ನಲವತ್ತು ವರ್ಷಗಳಿಂದ ಇದೊಂದನ್ನೇ ಎತ್ತಿ ಆಡಿಕೊಳ್ಳುತ್ತಾರೆ. ಕಾಲಯಂತ್ರವಾಗಿ ಓಡುವ ಕಾರನ್ನು ತಕರಾರಿಲ್ಲದೆ ನಂಬಿದವರು ಗಿಟಾರಿನ ಇಸವಿಗೆ ಜಗಳಕ್ಕೆ ನಿಲ್ಲುವುದು ನನಗಂತೂ ತಮಾಷೆ.

ಆ ಗಿಟಾರನ್ನು ಚಿತ್ರತಂಡ ಬಾಡಿಗೆಗೆ ತಂದದ್ದು ಲಾಸ್ ಏಂಜಲೀಸ್‌ನ ‘ನಾರ್ಮನ್ಸ್ ರೇರ್ ಗಿಟಾರ್ಸ್’ ಅಂಗಡಿಯಿಂದ. ಚಿತ್ರೀಕರಣ ಮುಗಿದ ಮೇಲೆ ಅದು ಅಂಗಡಿಗೆ ಮರಳಿತು, ಆಮೇಲೆ ಯಾರಿಗೋ ಮಾರಾಟವಾಯಿತು. 1989ರ ಎರಡನೇ ಭಾಗಕ್ಕೆ ಬೇಕೆಂದು ಹುಡುಕಿಕೊಂಡು ಬಂದರೆ ಪತ್ತೆಯೇ ಇಲ್ಲ. ಆ ಅಂಗಡಿ ಇರುವುದು ಸ್ಯಾನ್ ಫರ್ನಾಂಡೋ ಕಣಿವೆಯಲ್ಲಿ. ನಾನು 1991ರಿಂದ ಇರುವುದೂ ಅದೇ ಕಣಿವೆಯಲ್ಲಿ. ಇಲ್ಲಿ ಮಾರಾಟವಾದ ಹಳೆಯ ಗಿಟಾರುಗಳು ಇಲ್ಲಿನ ರಿಪೇರಿಯವರ ಮೇಜಿಗೇ ಬಂದು ಬೀಳುವುದು ಹೆಚ್ಚು.

ಇನ್ನು ಬಿಲ್ಲೆಯ ವಿಷಯ. ಗಿಟಾರಿನ ಕತ್ತಿನ ಮೇಲೆ, ಎಲ್ಲಿ ಬೆರಳಿಡಬೇಕೆಂದು ಕಣ್ಣಿಗೆ ಗುರುತು ಸಿಗಲು, ಮರ ಕೊರೆದು ಮುತ್ತಿನ ಬಣ್ಣದ ತುಣುಕುಗಳನ್ನು ಕೂರಿಸಿರುತ್ತಾರೆ. ಇಎಸ್-345ರಲ್ಲಿ ಅವು ಓರೆಯಾಗಿ ನಿಂತ ಸಮಾನಾಂತರ ಚತುರ್ಭುಜಗಳು. (ಶಾಲೆಯ ರೇಖಾಗಣಿತ ಬದುಕಿನಲ್ಲಿ ಉಪಯೋಗಕ್ಕೆ ಬಂದದ್ದು ನನಗೆ ಇದೊಂದೇ ಕಡೆ.) ಪ್ರತಿಯೊಂದೂ ನಡುವೆ ಸೀಳಿ ಎರಡು ಹೋಳಾಗಿರುತ್ತದೆ, ಹೋಳುಗಳ ನಡುವೆ ಮರದ ಒಂದು ಪಟ್ಟಿ ಕಾಣುತ್ತದೆ. ಚಿತ್ರದ ಗಿಟಾರಿನಲ್ಲಿ ಹನ್ನೆರಡನೇ ಫ್ರೆಟ್‌ನ (ಕತ್ತಿಗೆ ಅಡ್ಡವಾಗಿ ಕೂರಿಸಿದ ಲೋಹದ ಕಡ್ಡಿಗೆ ಫ್ರೆಟ್ ಎನ್ನುತ್ತಾರೆ) ಬಿಲ್ಲೆ ಮಾತ್ರ ಸೀಳಿಲ್ಲದೆ ಇಡಿಯಾಗಿದೆ. ಗಿಬ್ಸನ್‌ನವರು ಗುರುತಾಗಿ ಹೇಳಿದ್ದೂ ಇದನ್ನೇ.

ಇದನ್ನು ಓದಿದಾಗ ನನ್ನ ಎದೆ ಝಲ್ಲೆಂದದ್ದಕ್ಕೆ ಕಾರಣವಿದೆ. ತೊಂಬತ್ತರ ದಶಕದಲ್ಲಿ ಯಾವುದೋ ಒಂದು ಕೆಂಪು ಇಎಸ್-345ರಿಂದ ಇಂಥದ್ದೇ ಒಂದು ಇಡೀ ಬಿಲ್ಲೆಯನ್ನು ನಾನೇ ಕಿತ್ತು, ಅಲ್ಲಿ ಎರಡು ಹೋಳು ಕೂರಿಸಿದ್ದೆ. ‘ಇದೊಂದು ತಪ್ಪಾಗಿದೆ, ಸರಿಮಾಡಿಕೊಡಿ’ ಎಂದಿದ್ದ ಮಾಲೀಕ. ನಾನು ಸರಿಮಾಡಿಕೊಟ್ಟಿದ್ದೆ, ಅದೂ ಹೆಮ್ಮೆಯಿಂದ.

ಹೆಮ್ಮೆ ಯಾಕೆಂದರೆ ಈ ಕೆಲಸ ನಾನು ಕಲಿತದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ. ಬೀಟೆ ಹಲಗೆಯಲ್ಲಿ ಬೇರೆ ಬಣ್ಣದ ಮರ ಕೂರಿಸಿ ಆನೆ, ಅಂಬಾರಿ, ತೆಂಗಿನತೋಟ ಬರೆಯುವ ಇನ್‌ಲೇ ಕೆಲಸದ ಒಂದು ಮನೆಯಲ್ಲಿ ಆರು ವರ್ಷ ಕೂತಿದ್ದೆ. ನಮ್ಮ ಉಸ್ತಾದರು ರಿಪೇರಿಗೆ ಬಂದ ಯಾವ ಹಲಗೆಯಿಂದಲೂ ಒಂದು ಚೂರನ್ನು ಎಬ್ಬಿಸುವ ಮೊದಲು ಮೇಲೆ ತೆಳು ಕಾಗದ ಹಾಸಿ, ಪೆನ್ಸಿಲ್ ಆಡಿಸಿ, ಇಡೀ ಚಿತ್ರದ ಅಚ್ಚು ಎತ್ತಿಕೊಳ್ಳುತ್ತಿದ್ದರು. “ಕಿತ್ತ ಮೇಲೆ ನಿನ್ನ ನೆನಪನ್ನು ನಂಬಬೇಡ, ಅದು ನಿನಗೆ ಬೇಕಾದ ಹಾಗೆ ಹೇಳುತ್ತದೆ” ಎನ್ನುತ್ತಿದ್ದರು. ಅಮೆರಿಕಕ್ಕೆ ಬಂದು ಗಿಟಾರ್ ಹಿಡಿದ ಮೇಲೂ ನಾನು ಆ ರೂಢಿ ಬಿಟ್ಟಿರಲಿಲ್ಲ. ಆ ಅಚ್ಚುಗಳನ್ನಿಟ್ಟ ಒಂದು ಲೆಕ್ಕದ ಪುಸ್ತಕ ಎಲ್ಲೋ ಇರಬೇಕು. ಆದರೆ ಎಲ್ಲಿ? ಈ ಮೂವತ್ತು ವರ್ಷದಲ್ಲಿ ನಾಲ್ಕು ಮನೆ ಬದಲಾಯಿಸಿದ್ದೇವೆ.

ಪುಸ್ತಕ ಹುಡುಕುವ ಮೊದಲು ಹೋಲಿಸಲು ಒಂದು ಅಳತೆಗೋಲು ಬೇಕಿತ್ತು. ಚಿತ್ರದ 2020ರ 4ಕೆ ಡಿಸ್ಕ್ ತಂದು ಆ ದೃಶ್ಯವನ್ನು ಒಂದೊಂದೇ ಚೌಕಟ್ಟಾಗಿ ನಿಲ್ಲಿಸುತ್ತ ಹೋದೆ. ನಮ್ಮ ಪುಣ್ಯಕ್ಕೆ ಫಾಕ್ಸ್ ಸುಮ್ಮನೆ ಕೈಯಾಡಿಸಿದವರಲ್ಲ. ಹಾಡಿನ ಧ್ವನಿ ಮಾರ್ಕ್ ಕ್ಯಾಂಪ್‌ಬೆಲ್ ಅವರದು, ಗಿಟಾರಿನ ನಾದ ಟಿಮ್ ಮೇ ಅವರದು. ಆದರೆ ಬೆರಳುಗಳು ನಾದಕ್ಕೆ ಸರಿಯಾಗಿ ಓಡಲೆಂದು ಫಾಕ್ಸ್ ಪಾಲ್ ಹ್ಯಾನ್ಸನ್ ಎಂಬವರ ಬಳಿ ಪಾಠ ಹೇಳಿಸಿಕೊಂಡಿದ್ದರು. ಹಾಗಾಗಿ ಕ್ಯಾಮೆರಾ ಕೈಯಿಂದ ತಪ್ಪಿಸಿಕೊಳ್ಳದೆ ಕತ್ತಿನ ಮೇಲೆಯೇ ನಿಲ್ಲುತ್ತದೆ. ಆದರೆ ಅದೇ ಕೈ ಬೇಕಾದ ಬಿಲ್ಲೆಯನ್ನು ಮುಚ್ಚುತ್ತದೆ. ಗಿಟಾರನ್ನು ತಲೆಯ ಹಿಂದೆ ಹಿಡಿದಾಗ, ನೆಲದ ಮೇಲೆ ಮಲಗಿ ಸುತ್ತುವಾಗ ಎಲ್ಲವೂ ಮಸುಕು. ಎರಡು ಸಂಜೆ ಕೂತು ನಲವತ್ತು ಚೌಕಟ್ಟು ಆರಿಸಿದೆ, ಕೆಲಸಕ್ಕೆ ಬಂದದ್ದು ಒಂಬತ್ತು. ಹೀಗೆ ಹುಡುಕುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಎರಡನೇ ಭಾಗದ ಚಿತ್ರಗಳನ್ನು ಬೆರೆಸಬೇಡಿ. ಅದರಲ್ಲೂ ಅದೇ ನೃತ್ಯಕೂಟ ಬರುತ್ತದೆ, ಗಿಟಾರ್ ಮಾತ್ರ ಬೇರೆ.

ಬಿಲ್ಲೆಯ ಆಚೆಗೂ ನೋಡಬೇಕಾದ ಗುರುತುಗಳಿವೆ. ಚಿತ್ರದ ಗಿಟಾರಿಗೆ ಬಿಗ್ಸ್‌ಬಿ ಇದೆ, ಅಂದರೆ ತಂತಿಗಳ ಬುಡದಲ್ಲಿ ಸನ್ನೆಕೋಲು ಒತ್ತಿದರೆ ಸ್ವರ ಅಲುಗಿಸುವ ಲೋಹದ ಸಾಧನ. ಅದನ್ನು ಬಿಗಿಯುವ ತಿರುಪುಗಳು ಮರದಲ್ಲಿ ತೂತು ಬಿಡುತ್ತವೆ. ತೂತು ಮುಚ್ಚಬಹುದು, ಅಳಿಸಲಾಗದು. ಚೆರ್ರಿ ಬಣ್ಣ ಪಾರದರ್ಶಕವಾದ್ದರಿಂದ ಕೆಳಗಿನ ಮೇಪಲ್‌ನ ಎಳೆ ಕಾಣುತ್ತದೆ, ಒಂದರ ಎಳೆ ಇನ್ನೊಂದಕ್ಕೆ ಬರುವುದಿಲ್ಲ. ಕೆನಡಾದ ಗಾಯಕ ರ‍್ಯಾಂಡಿ ಬ್ಯಾಕ್‌ಮನ್ ಅವರ ಕಿತ್ತಳೆ ಬಣ್ಣದ ಗ್ರೆಚ್ ಗಿಟಾರ್ 1976ರಲ್ಲಿ ಟೊರಾಂಟೊದ ಹೋಟೆಲಿನಿಂದ ಕಳುವಾಗಿತ್ತು. ಅದು ಟೋಕಿಯೋದಲ್ಲಿರುವುದನ್ನು ಅಭಿಮಾನಿಯೊಬ್ಬರು 2020ರಲ್ಲಿ ಪತ್ತೆಹಚ್ಚಿದ್ದು ಮರದೊಳಗಿನ ಒಂದು ಗಂಟಿನ ಜಾಡು ಹಿಡಿದು. ಮನೆಯಲ್ಲೇ ಕೂತು, ಹಳೆಯ ಚಿತ್ರಗಳ ಪಕ್ಕಕ್ಕೆ ಅಂತರ್ಜಾಲದ ಚಿತ್ರಗಳನ್ನಿಟ್ಟು. ಮರದ ಗಂಟಿನ ಮುಂದೆ ಬಿಲ್ಲೆ ದುರ್ಬಲ ಸಾಕ್ಷಿ. ಬಿಲ್ಲೆಯನ್ನು ನನ್ನಂಥವನು ಒಂದು ಮಧ್ಯಾಹ್ನದಲ್ಲಿ ಬದಲಾಯಿಸುತ್ತಾನೆ.

ಇಷ್ಟರಲ್ಲಿ ಜುಲೈ ಬಂತು, ಜೊತೆಗೆ ಒಬ್ಬ ಗಿರಾಕಿಯೂ ಬಂದರು. ಎಪ್ಪತ್ತರ ಆಸುಪಾಸಿನ ನಿವೃತ್ತ ಮೇಷ್ಟರು. ಪೆಟ್ಟಿಗೆ ತೆರೆಯುವಾಗ ಕೈ ನಡುಗುತ್ತಿತ್ತು. ಒಳಗೆ ಕೆಂಪು ಇಎಸ್-345, ಬಿಗ್ಸ್‌ಬಿ ಇದೆ, ಹನ್ನೆರಡನೇ ಬಿಲ್ಲೆ ಇಡಿಯಾಗಿದೆ. ನಾನೂ ಒಂದು ಕ್ಷಣ ಉಸಿರು ಬಿಗಿಹಿಡಿದೆ ಎಂದರೆ ಸುಳ್ಳಲ್ಲ.

ಮೊದಲು ದೀಪ ಆರಿಸಿ ನೇರಳಾತೀತ ಟಾರ್ಚ್ ಹಿಡಿದೆ. ಹಳೆಯ ಗಿಟಾರುಗಳಿಗೆ ಬಳಿದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ ಮೆರುಗೆಣ್ಣೆ ಈ ಬೆಳಕಿಗೆ ಹಸಿರು ಬೆರೆತ ಹಳದಿಯಾಗಿ ಹೊಳೆಯುತ್ತದೆ. ಮೈಯೆಲ್ಲ ಹಾಗೆಯೇ ಹೊಳೆಯಿತು, ಎಲ್ಲೂ ತೇಪೆಯಿಲ್ಲ. ಗಿಟಾರ್ ಹಳೆಯದೇ, ಅನುಮಾನವಿಲ್ಲ. ಟಾರ್ಚನ್ನು ಕತ್ತಿನ ಮೇಲೆ ಮೆಲ್ಲಗೆ ಸರಿಸಿದೆ. ಏಳನೆಯದು, ಒಂಬತ್ತನೆಯದು ಒಂದೇ ಬಣ್ಣ. ಹನ್ನೆರಡಕ್ಕೆ ಬಂದಾಗ ಬೆಳಕು ಸತ್ತಂತಾಯಿತು. ಆ ಬಿಲ್ಲೆ ಬೂದಿಯಂತೆ ಮಂಕಾಗಿ ಕೂತಿತ್ತು. ಹದಿನೈದಕ್ಕೆ ಹೋದರೆ ಮತ್ತೆ ಮೊದಲಿನ ಬಣ್ಣ.

ಮೇಷ್ಟರ ಮುಖ ನೋಡಲಾಗಲಿಲ್ಲ. ಅಪ್ಪಣೆ ಕೇಳಿ ಇನ್ನೊಂದು ಪರೀಕ್ಷೆ ಮಾಡಿದೆ. ಇದು ನಮ್ಮ ಉಸ್ತಾದರದ್ದಲ್ಲ, ನನ್ನದೇ. ಆ ಕಾಲದ ಬಿಲ್ಲೆಗಳು ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನವು, ಸೆಲ್ಯುಲಾಯ್ಡ್ ಮಾಡುವುದು ಕರ್ಪೂರ ಬೆರೆಸಿ. ಒಂಬತ್ತನೇ ಬಿಲ್ಲೆಯ ಅಂಚನ್ನು ಸೂಜಿಮೊನೆಯಿಂದ ಕೂದಲೆಳೆಯಷ್ಟು ಕೆರೆದು ಬೆರಳಲ್ಲಿ ಉಜ್ಜಿ ಮೂಸಿದೆ. ಮಂಗಳಾರತಿ ತಟ್ಟೆ ಮುಂದೆ ಬಂದಂತೆ ಕರ್ಪೂರ. ಅವರಿಗೂ ಮೂಸಲು ಕೊಟ್ಟೆ, ಅವರಿಗೆ ನುಸಿಗುಳಿಗೆ ಇಟ್ಟ ಅಜ್ಜಿಯ ಬೀರು ನೆನಪಾಯಿತಂತೆ. ಹನ್ನೆರಡನೆಯದನ್ನು ಕೆರೆದರೆ ಹೊಸ ಪ್ಲಾಸ್ಟಿಕ್ ಬಕೆಟ್ಟಿನ ವಾಸನೆ. ಭೂತಗನ್ನಡಿಯಲ್ಲಿ ಅಂಚಿನ ಸುತ್ತ ಕಪ್ಪು ಎಪಾಕ್ಸಿ ಅಂಟಿನ ಗೆರೆಯೂ ಕಂಡಿತು. ಕಾರ್ಖಾನೆಯ ತಪ್ಪಾಗಿದ್ದರೆ ಆ ಬಿಲ್ಲೆಯೂ ಅಕ್ಕಪಕ್ಕದವುಗಳ ಜೊತೆಗೇ ಮುದಿಯಾಗಬೇಕಿತ್ತು. ಇದನ್ನು ಚಿತ್ರದ ಅಭಿಮಾನಿಯಾಗಿದ್ದ ಹಿಂದಿನ ಮಾಲೀಕ ಆಸೆಪಟ್ಟು ಹಾಕಿಸಿಕೊಂಡಿರಬೇಕು. ಮೋಸಕ್ಕೆ ಮಾಡಿದ್ದೆಂದು ನನಗೆ ಅನಿಸಲಿಲ್ಲ. ಮೋಸಗಾರನಾಗಿದ್ದರೆ ಇನ್ನಷ್ಟು ಚೊಕ್ಕವಾಗಿ ಮಾಡುತ್ತಿದ್ದ.

“ಮತ್ತೆ ಎರಡು ಹೋಳು ಹಾಕಿಕೊಡುತ್ತೀರಾ?” ಎಂದು ಕೇಳಿದರು ಮೇಷ್ಟರು. ಬೇಡ, ಯಾರೋ ಆಸೆಪಟ್ಟದ್ದು ಹಾಗೇ ಇರಲಿ ಎಂದೆ. ಅವರು ಹೋದ ಮೇಲೆ ಯೋಚಿಸಿದೆ: ಇದೇ ಮಾತನ್ನು ಅಂದು ಆ ಇನ್ನೊಬ್ಬ ಮಾಲೀಕನಿಗೆ ನಾನು ಯಾಕೆ ಹೇಳಲಿಲ್ಲ? ಕಾರ್ಖಾನೆಯವರು ಮಾಡಿದ ತಪ್ಪನ್ನು ಕಂಡರೆ ರಿಪೇರಿಯವನ ಕೈ ನವೆಯಾಗುತ್ತದೆ. ಚಿತ್ರದ ಗಿಟಾರ್ ಕಾಣೆಯಾಗಿರುವುದೂ ಹೀಗೆಯೇ ಇರಬಹುದು ಎನ್ನುವುದು ನನ್ನ ಗುಮಾನಿ. ಯಾರೂ ಬಚ್ಚಿಟ್ಟಿಲ್ಲ, ಯಾರೋ ಸರಿಮಾಡಿದ್ದಾರೆ. ಆ ಯಾರೋ ನಾನಾಗದಿದ್ದರೆ ಸಾಕು.

ಪುಸ್ತಕ ಸಿಕ್ಕಿದ್ದು ಆಗಸ್ಟಿನಲ್ಲಿ, ಅದೂ ನನಗಲ್ಲ, ನನ್ನ ಹೆಂಡತಿಗೆ. ಗೊಂಬೆ ಹಬ್ಬದ ಪೆಟ್ಟಿಗೆಯಲ್ಲಿ ಪಟ್ಟದ ಗೊಂಬೆಗಳ ಅಡಿಗೆ ಹಾಸಿದ್ದ ಕಾಗದಗಳ ಜೊತೆ. “ನಿಮ್ಮ ಕೊಲೆ ಕೇಸಿನ ಕಡತ ಸಿಕ್ಕಿತು ನೋಡಿ” ಎಂದು ಮೇಜಿನ ಮೇಲೆ ಕುಕ್ಕಿ ಹೋದಳು. 1996ರ ಮಾರ್ಚ್, ನಲವತ್ತೊಂದನೇ ಪುಟ. ನನ್ನದೇ ದುಂಡಕ್ಷರ: ‘ಗಿಬ್ಸನ್ 345, ಕೆಂಪು. 12ನೇ ಬಿಲ್ಲೆ ಇಡಿ, ಎರಡು ಹೋಳು ಮಾಡಬೇಕು.’

ನಲವತ್ತೊಂದನೇ ಪುಟದಲ್ಲಿ ತೆಳುಕಾಗದದ ಅಚ್ಚು ಮಡಚಿಟ್ಟಿತ್ತು. ಹಳದಿಯಾಗಿ ಹಪ್ಪಳದಂತಾಗಿದ್ದರಿಂದ ಮಡಿಕೆ ಬಿಡಿಸುವಾಗ ಒಂದು ಮೂಲೆ ಮುರಿಯಿತು. ಮೈಯ ಇಡೀ ರೂಪರೇಖೆ ಇತ್ತು, ಉಸ್ತಾದರ ಪದ್ಧತಿಯಂತೆ ಪ್ರತಿ ತೂತಿಗೂ ಒಂದು ಚುಕ್ಕೆ. ತಂತಿಗಳಿಗೆ ಆಸರೆಯಾಗುವ ಬ್ರಿಡ್ಜ್‌ನ ಎರಡು ಚುಕ್ಕೆ. ಅದರ ಹಿಂದೆ ತಂತಿ ಕಟ್ಟುವ ಲೋಹದ ಪಟ್ಟಿಯ ಎರಡು ದಪ್ಪ ಚುಕ್ಕೆ. ಬುಡದ ಅಂಚಿನಲ್ಲಿ ಹೆಗಲ ಪಟ್ಟಿ ಸಿಕ್ಕಿಸುವ ಗುಂಡಿಯ ಒಂದು ಚುಕ್ಕೆ. ಬಿಗ್ಸ್‌ಬಿ ತಿರುಪು ಕೂರಬೇಕಾದ ಜಾಗಗಳೆಲ್ಲ ಖಾಲಿ. ಮುಚ್ಚಿದ ತೂತು ಇದ್ದಿದ್ದರೆ ಚುಕ್ಕೆಯ ಸುತ್ತ ಸೊನ್ನೆ ಸುತ್ತುವುದು ನನ್ನ ರೂಢಿ, ಅಂಥ ಸೊನ್ನೆ ಒಂದೂ ಇಲ್ಲ. ಎಂದಿಗೂ ಬಿಗ್ಸ್‌ಬಿ ಕಾಣದ ಗಿಟಾರ್ ಅದು. ಮೂರು ಸಲ ನೋಡಿದೆ, ಕನ್ನಡಕ ಒರೆಸಿಕೊಂಡು ನಾಲ್ಕನೇ ಸಲವೂ ನೋಡಿದೆ.

ಅದಲ್ಲ. ಎದೆಯ ಮೇಲಿನ ಕಲ್ಲು ಇಳಿಯಿತು, ಜೊತೆಗೆ ಸ್ವಲ್ಪ ಬೇಜಾರೂ ಆಯಿತು. ಮನುಷ್ಯನ ಬುದ್ಧಿ, ಅಪರಾಧವಾದರೂ ಸರಿ, ಹೆಸರಾದದ್ದರಲ್ಲಿ ಒಂದು ಪಾಲು ಬೇಕೆನ್ನುತ್ತದೆ.

ಡಬ್ಬಿಯನ್ನು ಹಳೆಯ ಪತ್ರಿಕೆಯ ಮೇಲೆ ಸುರುವಿ ಆ ಬಿಲ್ಲೆಯನ್ನು ಹುಡುಕಿ ತೆಗೆದೆ. ಉಜ್ಜಿದರೆ ಈಗಲೂ ಕರ್ಪೂರ. ಅಚ್ಚಿನ ಮೇಲೆ ಇಟ್ಟರೆ ಗೆರೆಗೆ ಗೆರೆ ಕೂತಿತು. ಅದನ್ನು ನಲವತ್ತೊಂದನೇ ಪುಟಕ್ಕೆ ಟೇಪಿನಿಂದ ಅಂಟಿಸಿದೆ. ಉಳಿದ ಬಿಲ್ಲೆಗಳಿಗೂ ಒಂದೊಂದಾಗಿ ಪುಟ ಹುಡುಕುತ್ತಿದ್ದೇನೆ. ನಿನ್ನೆಗೆ ಹದಿನೇಳು ಆಯಿತು, ಡಬ್ಬಿ ಇನ್ನೂ ಅರ್ಧ ತುಂಬಿದೆ.